ಮೇಲ್‌ದ್ವಾರಾಧಿಕಾರ ಮೀಮಾಂಸೆ

ಅಧಿಕಾರಿಭೇದವನ್ನು ಹೇಳದ ಶಾಸ್ತ್ರವಿಲ್ಲವೆಂಬುದು ವಿದ್ವಾಂಸರೆಲ್ಲರೂ ಒಪ್ಪಿದ ಮಾತಾದರೂ, ಇಮೇಲ್ ಸರ್ವರಿನಲ್ಲಿ ಯಾರು ಯಾವ ಸೇವೆಗೆ ಅರ್ಹರೆಂಬ ಗಹನ ವಿಷಯವನ್ನು ಪೂರ್ವಾಚಾರ್ಯರು, ತಮ್ಮ ಕಾಲದಲ್ಲಿ ವಿದ್ಯುತ್ತೇ ಇರಲಿಲ್ಲವೆಂಬ ಕ್ಷುಲ್ಲಕ ಕಾರಣಕ್ಕಾಗಿ, ಉಪೇಕ್ಷಿಸಿದುದರಿಂದ ಆ ಭಾರವು ಈಗ ನಮ್ಮ ಮೇಲೆ ಬಿದ್ದಿದೆ.

1982ರಲ್ಲಿ ಜಾನ್ ಪೋಸ್ಟೆಲ್ ಮಹಾಶಯರು ಎಸ್‌ಎಂಟಿಪಿ ಎಂಬ ಸೂತ್ರಗ್ರಂಥವನ್ನು ಪ್ರಕಟಿಸಿದಾಗ, ಬಂದವನು ನಿಜವಾಗಿ ಯಾರೆಂದು ಪರೀಕ್ಷಿಸುವ ವಿಧಿಯೇ ಅದರಲ್ಲಿರಲಿಲ್ಲ. ಅದು ಕೃತಯುಗ. 25ನೆಯ ದ್ವಾರಕ್ಕೆ ಯಾವನಾದರೂ ಬಂದು, ಯಾರ ಹೆಸರಿನಲ್ಲಾದರೂ, ಯಾರಿಗಾದರೂ ಓಲೆಯನ್ನು ಒಪ್ಪಿಸಿ ಹೋಗಬಹುದಾಗಿತ್ತು. ಸ್ಪ್ಯಾಮ್ ರೂಪದಲ್ಲಿ ಕಲಿಪ್ರವೇಶವಾದ ಬಳಿಕ, 1999ರ ಪರಿಶಿಷ್ಟವೊಂದು ಕಳುಹಿಸುವವನು ಮೊದಲು ತನ್ನ ಗುರುತನ್ನು ಸಾಧಿಸಿ ತೋರಿಸುವ ಕ್ರಮವನ್ನು ವಿಧಿಸಿತು.

ಇಲ್ಲಿ ಪೂರ್ವಪಕ್ಷ: ಪಾಸ್‌ವರ್ಡ್ ಸರಿಯಾದ ಮೇಲೆ ತಡೆಯುವುದು ಅನ್ಯಾಯವಲ್ಲವೆ? ಅಲ್ಲ. ಮದುವೆಮನೆಯಲ್ಲಿ ನೆಂಟನೆಂದು ಗುರುತು ಹತ್ತಿದ ಮಾತ್ರಕ್ಕೆ ಉಗ್ರಾಣದ ಬೀಗದಕೈಯನ್ನು ಯಾರೂ ಕೊಡುವುದಿಲ್ಲವಷ್ಟೆ. 110ನೆಯ ದ್ವಾರದ ಪಾಪ್ ಸೇವೆಯು ಪತ್ರಗಳನ್ನು ಮನೆಗೆ ಹೊತ್ತೊಯ್ದು, ಹಲವು ವೇಳೆ ಸರ್ವರಿನಲ್ಲಿ ಪ್ರತಿಯನ್ನೂ ಉಳಿಸದ ಸ್ವಭಾವದ್ದು. 143ರ ಐಮ್ಯಾಪ್ ಇದ್ದಲ್ಲಿಯೇ ಓದಿಸುವ ಸಾಧುಪ್ರಕೃತಿಯದು. ಆದುದರಿಂದ ಕಚೇರಿಯು ಒಬ್ಬನೇ ಗುಮಾಸ್ತನಿಗೆ ಎರಡನೆಯದನ್ನು ಕೊಟ್ಟು ಮೊದಲನೆಯದನ್ನು ನಿಷೇಧಿಸುವುದು ಯುಕ್ತವೇ ಆಗಿದೆ.

ಈ ನಿಷೇಧದ ಪ್ರಯೋಗವನ್ನು ಫಿನ್ಲೆಂಡಿನ ಟಿಮೊ ಸಿರೈನೆನ್ನರು ಪ್ರವರ್ತಿಸಿದ ಡವ್‌ಕಾಟ್ ಸಂಪ್ರದಾಯದಲ್ಲಿ ನೋಡತಕ್ಕದ್ದು. ನಿಷಿದ್ಧರ ಪಟ್ಟಿಯು ಪಾಸ್‌ವರ್ಡ್‌ಗಳ ಪಟ್ಟಿಗಿಂತ ಮೊದಲು ಬರಬೇಕೆಂಬುದು ಅಲ್ಲಿಯ ನಿಯಮ. ಕ್ರಮ ತಪ್ಪಿದರೆ, ಗುರುತು ಸಿದ್ಧವಾದೊಡನೆಯೇ ವಿಚಾರಣೆ ಮುಗಿದು, ನಿಷಿದ್ಧನು ಒಳಗೆ ಕುಳಿತಿರುವಾಗ ನಿಷೇಧವು ಹೊರಗೆ ನಿಂತಿರುತ್ತದೆ. ವಿಧಿಗಿಂತ ನಿಷೇಧವು ಬಲವತ್ತರವೆಂದು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಪಟ್ಟಿಯೇ ಕಾಣೆಯಾದರೆ? ಲಿನಕ್ಸ್ ಯಂತ್ರಗಳಲ್ಲಿ ಪಟ್ಟಿಯನ್ನೋದುವ ಪ್ಯಾಮ್ ಘಟಕವು ಈ ಸಂಕಟಕ್ಕೆ ಎರಡು ಮತಗಳನ್ನು ಅಂಗೀಕರಿಸಿದೆ. ದೋಷ ಕಂಡಾಗ ಸರ್ವರನ್ನೂ ಒಳಗೆ ಬಿಡುವುದು ಕೃಪಾವಾದ. ಒಬ್ಬರನ್ನೂ ಬಿಡದಿರುವುದು ದಾರ್ಢ್ಯವಾದ. ವ್ಯವಸ್ಥಾಪಕರು ಪ್ರಾಯಶಃ ಎರಡನೆಯದನ್ನೇ ಹಿಡಿಯುವರು, ಮತ್ತು ಅದು ಶ್ಲಾಘ್ಯವೂ ಹೌದು. ಆದರೆ ಪಟ್ಟಿಯನ್ನು ತಪ್ಪಿ ಅಳಿಸಿದ ದಿನ, ಬಾಗಿಲು ತೆರೆಯುತ್ತಿಲ್ಲವೆಂಬ ಹೊರಗಿನವರ ದೂರುಗಳು 25ನೆಯ ದ್ವಾರದಿಂದ ನಿರಾತಂಕವಾಗಿ ಬಂದು, ಅದೇ ವ್ಯವಸ್ಥಾಪಕರು ತೆರೆಯಲಾರದ ಅವರದೇ ಪೆಟ್ಟಿಗೆಯಲ್ಲಿ ಕ್ರಮಬದ್ಧವಾಗಿ ಶೇಖರವಾಗುತ್ತಿರುತ್ತವೆ.