ಮಳೆ ಮಾಸ್ತರ

ಬಯಲುಸೀಮೆಯ ಯಾವ ಊರಿಗೆ ಹೋದರೂ ಅಲ್ಲೊಬ್ಬ ಮಳೆ ಮಾಸ್ತರ ಸಿಕ್ಕೇ ಸಿಗುತ್ತಾರೆ. ಒಂದೂರಲ್ಲಿ ಅವರು ಪೂಜಾರಿ, ಇನ್ನೊಂದೂರಲ್ಲಿ ಕಿರಾಣಿ ಅಂಗಡಿಯವರು. ಹಾವೇರಿ ಸೀಮೆಯ ನಮ್ಮೂರಿನವರು ಮಾತ್ರ ಖರೇನೇ ಮಾಸ್ತರರು. ಮಕ್ಕಳಿಗೆ ಮಗ್ಗಿ ಹೇಳಿಸಿ ಹೇಳಿಸಿ ನಿವೃತ್ತರಾಗಿ, ಈಗ ಮೋಡಗಳಿಗೆ ಹೇಳಿಸುತ್ತಿದ್ದಾರೆ. ಅಂಗಿಯ ಕಿಸೆಯಲ್ಲಿ ಪಂಚಾಂಗ, ಅದರ ಹಾಳೆಗಳ ನಡುವೆ ಸೊಸೈಟಿಯ ಪಾವತಿ, ಕಂಕುಳಲ್ಲಿ ಕೊಡೆ. ಈ ವಾರ ಮಳೆಯಿಲ್ಲ ಎಂದು ಸಾರಿದ ದಿನವೂ ಕೊಡೆ ಬಿಡುವುದಿಲ್ಲ. ಕೇಳಿದರೆ "ಬಿಸಿಲಿಗೆ" ಎನ್ನುತ್ತಾರೆ.

ಅವರ ಸುಗ್ಗಿ ಶುರುವಾಗುವುದು ಯುಗಾದಿಯ ಸಂಜೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚಾಂಗ ಬಿಚ್ಚಿ ಆ ವರ್ಷದ ಮಂತ್ರಿಮಂಡಲ ಓದುತ್ತಾರೆ. ಯುಗಾದಿ ಯಾವ ವಾರ ಬಿತ್ತೋ ಆ ವಾರದ ಗ್ರಹವೇ ರಾಜ. ಮೇಷ ಸಂಕ್ರಮಣದ ವಾರದವನು ಮಂತ್ರಿ. ಸೂರ್ಯ ಆರಿದ್ರಾ ನಕ್ಷತ್ರ ಹೊಕ್ಕ ವಾರದವನು ಮೇಘಾಧಿಪತಿ, ಅಂದರೆ ಮಳೆ ಖಾತೆ ಅವನದು. ಪಕ್ಷಾಂತರದ ಭಯವಿಲ್ಲದ ಮಂತ್ರಿಮಂಡಲ ನಾಡಿನಲ್ಲಿ ಇದೊಂದೇ. ಆದರೆ ಭಿನ್ನಮತ ಇಲ್ಲೂ ಉಂಟು. ಶನಿ ರಾಜನಾಗಿ ಶುಕ್ರ ಮಳೆ ಖಾತೆ ಹಿಡಿದನೆನ್ನಿ, "ಶುಕ್ರ ಕೊಡಾಂವ, ಶನಿ ತಡಿಯಾಂವ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಮಳೆ ಬಂದರೆ ಶುಕ್ರನಿಗೆ ಶಾಬ್ಬಾಸ್, ಬರದಿದ್ದರೆ ಶನಿಗೆ ಬೈಗುಳ. ಮಾಸ್ತರರಿಗೆ ಎರಡೂ ಕಡೆ ಮರ್ಯಾದೆ.

ಅದೂ ಕೈಕೊಟ್ಟರೆ ಪಾಲಿನ ಲೆಕ್ಕ ತೆಗೆಯುತ್ತಾರೆ. ವರ್ಷದ ಮಳೆಯನ್ನು 20 ಪಾಲು ಮಾಡಿದರೆ ಸಮುದ್ರಕ್ಕೆ 10, ಗುಡ್ಡಬೆಟ್ಟಕ್ಕೆ 6, ಉಳಿದ ಭೂಮಿಗೆ 4. ಪರಾಶರರ ಹೆಸರಿನ ಕೃಷಿಗ್ರಂಥದಲ್ಲೇ ಈ ಹಂಚಿಕೆಯಿದೆ. "ನೀವು ಹೇಳಿದ್ದ ಮಳಿ ಎಲ್ಲಿ ಹೋತ್ರೀ ಮಾಸ್ತರ?" ಎಂದು ಯಾರಾದರೂ ಕೇಳಿದರೆ, "ಬಿದ್ದೈತಿ. ಸಮುದ್ರದಾಗ ಬಿದ್ದೈತಿ. ಹೋಗಿ ನೋಡ್ಕೊಂಡು ಬಾ" ಎನ್ನುತ್ತಾರೆ. ಬಸ್ ಚಾರ್ಜು ಕೊಟ್ಟು ಕಾರವಾರಕ್ಕೆ ಹೋಗಿ ತನಿಖೆ ಮಾಡಿ ಬಂದವರು ಇದುವರೆಗೆ ಇಲ್ಲ.

ಇವೆಲ್ಲ ಗುಡಿಕಟ್ಟೆಯ ಮಾತಾದವು. ಚಹಾದಂಗಡಿಯಲ್ಲಿ ನಡೆಯುವುದು ವಾಹನಗಳ ವಿಚಾರ. ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನಕ್ಕೊಂದು ಬದಲಾಗುತ್ತದೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮಿರಗ, 22ಕ್ಕೆ ಆರಿದ್ರಾ. ಹೀಗೆ ಬರುವ ಪ್ರತಿಯೊಂದು ಮಳೆಯೂ ಏನಾದರೊಂದನ್ನು ಏರಿಯೇ ಬರಬೇಕು. ಸೂರ್ಯನ ನಕ್ಷತ್ರದಿಂದ ಆ ದಿನದ ಚಂದ್ರನ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಬೇಕು. ಶೇಷ ಒಂದಾದರೆ ಕುದುರೆ, ಎರಡಾದರೆ ನರಿ, ಮೂರಾದರೆ ಕಪ್ಪೆ. ಆಮೇಲೆ ಕುರಿ, ನವಿಲು, ಇಲಿ, ಎಮ್ಮೆ, ಕತ್ತೆ. ಶೇಷ ಸೊನ್ನೆಯಾದರೆ ಆನೆ. ಕಪ್ಪೆ, ಎಮ್ಮೆ, ಆನೆ ಬಂದರೆ ಧಾರಾಕಾರ. ನರಿ, ಕುರಿ, ಕತ್ತೆ ಬಂದರೆ ಬೀಜ ಮನೆಯಲ್ಲೇ ಇರಲಿ. ಕುದುರೆ ಬಂದರೆ ಮಳೆ ಗುಡ್ಡದ ಮೇಲೆ. ಕ್ಯಾಲೆಂಡರಿನ ಬೆನ್ನಿಗೆ ಇದೆಲ್ಲ ಅಚ್ಚಾಗಿ ಬರುತ್ತದೆ, ಆದರೂ ಮಾಸ್ತರರು ಬೀಡಿ ಕಟ್ಟಿನ ಕಾಗದದ ಮೇಲೆ ಭಾಗಾಕಾರ ಮಾಡಿಯೇ ತೋರಿಸಬೇಕು. ಹಳೇ ವಿದ್ಯಾರ್ಥಿಗಳು ಅಲ್ಲೂ ಉತ್ತರ ಹೇಳಲು ಹೆದರುತ್ತಾರೆ.

ಹುಡುಗರ ಕೈಯಲ್ಲಿ ಈಗ ಮೊಬೈಲಿದೆ. ಈ ವರ್ಷ ಮುಂಗಾರು ಸಾಮಾನ್ಯ ಎಂದು ಹವಾಮಾನ ಇಲಾಖೆ ಹೇಳಿದೆ ಎಂದು ಒಬ್ಬ ಓದಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ ಸುಮಾರು 87 ಸೆಂಟಿಮೀಟರ್, ಅದರ ಶೇಕಡಾ 96ರಿಂದ 104ರೊಳಗೆ ಬಿದ್ದರೆ ಸಾಮಾನ್ಯ ಎಂದು ವಿವರಿಸಿದ. ಮಾಸ್ತರರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೇಳಿದರು: "ಎಂಬತ್ತೇಳು ಸೆಂಟಿಮೀಟರ್ ಯಾರ ಹೊಲದಾಗೋ ತಮ್ಮಾ?" ಹುಡುಗನಲ್ಲಿ ಉತ್ತರವಿರಲಿಲ್ಲ. ಈ ಒಂದು ಪ್ರಶ್ನೆಯಲ್ಲಿ ನಾನೂ ಮಾಸ್ತರರ ಪಕ್ಷವೇ. ಇಲಾಖೆಯ ಭವಿಷ್ಯ ತಪ್ಪಿದರೆ ಯಾರ ಮುಂದೆ ಹೋಗಿ ಜಗಳಾಡುವುದು? ಮಾಸ್ತರರಾದರೆ ಬೆಳಗ್ಗೆ ಎಂಟಕ್ಕೆ ಅದೇ ಬೆಂಚಿನ ಮೇಲೆ ಸಿಗುತ್ತಾರೆ.

ಅವರನ್ನು ಸೋಲಿಸಲೆಂದೇ ನಾನೊಂದು ಬಾಣ ಬಿಟ್ಟಿದ್ದೆ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ನಕ್ಷತ್ರಕ್ಕೂ ಋತುವಿಗೂ ಅಂತರ ಬೀಳುತ್ತದೆ, ಆರನೇ ಶತಮಾನದ ವರಾಹಮಿಹಿರನಿಂದ ಇಲ್ಲಿಗೆ ಮೂರು ವಾರವೇ ಆಯಿತು ಎಂದೆ. ಮಾಸ್ತರರು ಕುಗ್ಗಲಿಲ್ಲ, ಪೆನ್ಸಿಲ್ ತೆಗೆದು ಬರೆದುಕೊಂಡರು. ಆ ಸಲ ಮಿರಗ ಒಣಗಿಯೇ ಹೋದಾಗ ಊರಿಗೆ ಸಾರಿದರು: "ಆಕಾಶಾನ ಮೂರು ವಾರ ಲೇಟ್ ಐತಿ. ವಿಜ್ಞಾನಿಗಳ ಹೇಳ್ಯಾರ." ಆ ಲೆಕ್ಕದಂತೆ ಮಳೆ ನಕ್ಷತ್ರಕ್ಕಿಂತ ಮೊದಲೇ ಬರಬೇಕು, ತಡವಾಗಬಾರದು ಎಂದು ನಾನು ತಿದ್ದಲು ಹೋದೆ. "ಮೊದಲ ಬಂದಾಗ ಅದನ್ನೂ ಹೇಳೂಣಂತ" ಎಂದರು.

ಇಷ್ಟಾದರೂ ಒಮ್ಮೊಮ್ಮೆ ಅವರು ಗುರಿ ಇಟ್ಟು ಹೊಡೆದಂತೆ ಹೇಳುವುದುಂಟು. ಅದರ ಗುಟ್ಟು ಬೇವಿನ ಮರದ ಬುಡದಲ್ಲಿದೆ. ಬೆಳಗ್ಗೆ ವಾಕಿಂಗ್ ನೆಪದಲ್ಲಿ ಅಲ್ಲಿ ಚಪ್ಪಲಿ ಬಿಚ್ಚಿ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಇರುವೆಗಳು ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಕಚ್ಚಿಕೊಂಡು ಕಾಂಡ ಹತ್ತುತ್ತಿದ್ದರೆ ಎದ್ದು ಪಡುವಣದ ಕಡೆ ಒಮ್ಮೆ ಕತ್ತೆತ್ತಿ, ನೆಟ್ಟಗೆ ಚಹಾದಂಗಡಿಗೆ ಬಂದು "ವಾಹನ ಕಪ್ಪಿ, ಇವತ್ತ ಬಿಡಂಗಿಲ್ಲ" ಎನ್ನುತ್ತಾರೆ. ಇರುವೆಯ ಮೊಟ್ಟೆ ಮಳೆಯ ಸೂಚನೆಯೆಂದು ವರಾಹಮಿಹಿರನೂ ಬೃಹತ್ಸಂಹಿತೆಯಲ್ಲಿ ಬರೆದಿದ್ದಾನೆ. ಆದರೆ ಇರುವೆಯ ಹೆಸರು ಹೇಳಿದರೆ ಪಂಚಾಂಗದ ಮಾನ ಏನಾಗಬೇಕು?

ರೈತರು ಇದನ್ನೆಲ್ಲ ತಲೆದೂಗಿ ಕೇಳುತ್ತಾರೆ. ಆಮೇಲೆ ಹೊಲಕ್ಕೆ ಹೋಗಿ, ಮಣ್ಣಿನಲ್ಲಿ ಬೆರಳಿಟ್ಟು ಹಸಿ ಎಷ್ಟಿದೆ ನೋಡಿಕೊಂಡೇ ಗೋವಿನಜೋಳ ಬಿತ್ತುತ್ತಾರೆ.

ಹೋದ ವರ್ಷ ಮೇ ತಿಂಗಳಲ್ಲಿ ಮಾಸ್ತರರ ಮಗಳ ಮದುವೆ. ಕೃತ್ತಿಕೆಗೆ ವಾಹನ ಕತ್ತೆ, ಹನಿ ಬೀಳಂಗಿಲ್ಲ ಎಂದು ಯುಗಾದಿಗೇ ಸಾರಿದ್ದರು. ಅದನ್ನು ನಂಬಿ ಹಿಂದಿನ ಓಣಿಯವರು ಮನೆಯ ಹಂಚು ಇಳಿಸಿ ಕೂತಿದ್ದರು. ಮಾಸ್ತರರ ಅಂಗಳದಲ್ಲಿ ನೋಡಿದರೆ ಹಂದರದ ಮೇಲೆ ಈ ತುದಿಯಿಂದ ಆ ತುದಿಗೆ ಹೊಸ ತಗಡು ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿಸುತ್ತಿದ್ದರು.

"ಏನ್ರೀ ಮಾಸ್ತರ, ಕತ್ತಿ ಅಂದಿದ್ರಿ?"

"ನಮ್ಮೂರಿಗೆ ಕತ್ತೀನ. ಆದ್ರ ಬೀಗರು ಹುಬ್ಬಳ್ಯಾವರದಾರ. ಅವರ ಬೆನ್ನತ್ತಿ ಅಲ್ಲೀ ಮಳಿ ಬಂತಂದ್ರ ನಾ ಏನ್ ಮಾಡ್ಲಿ?"