ಕೈ ಕೊಟ್ಟ ಕಥೆ

(ಹಲಸೂರು ಕೆರೆ ಹತ್ತಿರ ಚಾಚಾನ ಟೀ ಅಂಗಡಿ. ಸಕ್ಕರೆ ಬೇಡ ಅಂದ್ರೂ ಇಲ್ಲಿ ಎರಡು ಚಮಚ ಬೀಳುತ್ತೆ. ಓಲೈಕೆಯೇ ವ್ಯಾಪಾರದ ಗುಟ್ಟು.)

ಆಟೋ ಅಣ್ಣ: ಮೇಷ್ಟ್ರೇ, 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ ಗಲಾಟೇಲಿ ಮನೆ ಸುಟ್ಟಿದ್ದು ಯಾರದ್ದು?

ಮೇಷ್ಟ್ರು: ಪುಲಕೇಶಿನಗರದ ಆಗಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವರದ್ದು.

ಆಟೋ ಅಣ್ಣ: ಓ, ಕಮಲದೋರಾ?

ಮೇಷ್ಟ್ರು: ಅಲ್ಲಪ್ಪಾ, ಕೈ ಪಕ್ಷದೋರೇ.

ಆಟೋ ಅಣ್ಣ: ಹಂಗಾದ್ರೆ 2023ರ ಎಲೆಕ್ಷನ್ನಲ್ಲಿ ಪಕ್ಷ ಕೊಟ್ಟಿರುತ್ತೆ ಬಿಡಿ.

ಮೇಷ್ಟ್ರು: ಕೊಡ್ತು.

ಆಟೋ ಅಣ್ಣ: ಟಿಕೆಟ್ಟು?

ಮೇಷ್ಟ್ರು: ಕೈ.

ಚಾಚಾ: ಆಮೇಲೆ ಆನೆ ಹತ್ತಿದ್ರು. ಅದೂ ದಡ ಸೇರಿಸಲಿಲ್ಲ.

ಆಟೋ ಅಣ್ಣ: ಪಾಪ! ಅವರ ಪರ ಒಬ್ರೂ ಪತ್ರ ಬರೀಲಿಲ್ವಾ?

ಮೇಷ್ಟ್ರು: ಪತ್ರ ಬಂತು, ಬೇರೆಯವರ ಪರ. ಡಿ.ಜೆ. ಹಳ್ಳಿ, ಹುಬ್ಬಳ್ಳಿ ಗಲಾಟೆ ಕೇಸಲ್ಲಿ ಅಮಾಯಕರಿದ್ದಾರೆ, ವಾಪಸ್ ತಗೊಳ್ಳಿ ಅಂತ ಶಾಸಕರೊಬ್ಬರು ಬರೆದ್ರು. ಗೃಹ ಸಚಿವರು ‘ಪರಿಶೀಲಿಸಿ’ ಅಂದ್ರು.

ಆಟೋ ಅಣ್ಣ: ಅಮಾಯಕರು ಯಾರು ಅಂತ ಕೋರ್ಟು ಹೇಳೋದಲ್ವಾ?

ಮೇಷ್ಟ್ರು: ಕೋರ್ಟಿಗೆ ಯಾಕೆ ತೊಂದ್ರೆ ಅಂತ ಕ್ಯಾಬಿನೆಟ್ಟೇ ಕೈ ಹಾಕ್ತು. 2024ರ ಅಕ್ಟೋಬರಲ್ಲಿ ಹುಬ್ಬಳ್ಳೀದೂ ಸೇರಿ 43 ಕೇಸು ವಾಪಸ್! ಮರುವರ್ಷ ಮೇ ತಿಂಗಳಲ್ಲಿ ಹೈಕೋರ್ಟು ಆ ವಾಪಸ್ಸನ್ನೇ ವಾಪಸ್ ಕಳಿಸ್ತು.

ಚಾಚಾ: ಡಿ.ಜೆ. ಹಳ್ಳಿ ಗಲಾಟೆ ರಾತ್ರಿ ನಮ್ಮ ಹುಡುಗ್ರು ದೇವಸ್ಥಾನದ ಸುತ್ತ ಕೈ ಕೈ ಹಿಡ್ಕೊಂಡು ಕಾವಲು ನಿಂತಿದ್ರಲ್ಲ, ಅವರಿಗೆ ಸರ್ಕಾರ ಏನು ಮಾಡ್ತು ಮೇಷ್ಟ್ರೇ?

ಮೇಷ್ಟ್ರು: ಏನ್ ಮಾಡಕ್ಕಾಗುತ್ತೆ ಚಾಚಾ? ವಾಪಸ್ ತಗೊಳ್ಳೋಣ ಅಂದ್ರೆ ಅವರ ಮೇಲೆ ಕೇಸೇ ಇಲ್ವಲ್ಲ!