ಬೀಗದಕೈ ಎಲ್ಲಿಟ್ಟಿದೀಯ?

ಬಟ್ಟೆ ಆಮೇಲೆ ಒಣಹಾಕುವಿಯಂತೆ, ರಮ್ಯಾ, ಇಲ್ಲಿ ಕಾಂಪೌಂಡ್ ಹತ್ರ ಬಾ. ಹೈವ್ ಅನ್ನೋ ಬ್ಲಾಕ್‌ಚೈನ್ ಬ್ಲಾಗ್ ತಾಣದಲ್ಲಿ ಬರೆಯೋಕೆ ಶುರುಮಾಡಿದೀಯ ಅಂತ ನಿಮ್ಮತ್ತೆ ಹೇಳಿದ್ರು. ತುಂಬ ಸಂತೋಷ ಆಯ್ತು ಕಣೇ. ಖಾತೆ ತೆಗೆದಾಗ ಉದ್ದಕ್ಕೆ ಒಂದು ಪಾಸ್‌ವರ್ಡ್ ಬಂತಲ್ಲ, ಅದನ್ನ ಎಲ್ಲಿಟ್ಟಿದೀಯ? ಮೊಬೈಲಲ್ಲಿ ಫೋಟೋನಾ? ಬೇಡಮ್ಮ, ಅದು ಬೇಡ. ಬ್ಯಾಂಕಾದ್ರೆ ಆಧಾರ್ ಹಿಡ್ಕೊಂಡು ಕೌಂಟರಿಗೆ ಹೋಗಬಹುದು. ಇಲ್ಲಿ ಕೌಂಟರೇ ಇಲ್ಲ, ಕಳೆದುಹೋದರೆ ಹೋಯ್ತು. ನಾನು ಎರಡು ಹಾಳೇಲಿ ಬರೆದಿಟ್ಟಿದೀನಿ. ಒಂದು ಬೀರುವಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ, ಇನ್ನೊಂದು ತಿಪಟೂರಲ್ಲಿ ತಮ್ಮನ ಮನೇಲಿ.

ಆ ಪಾಸ್‌ವರ್ಡಿಂದಲೇ ಬೇರೆಬೇರೆ ಕೀಗಳು ಬರ್ತವೆ. ದಿನಾ ಬರೆಯೋಕೆ, ವೋಟು ಹಾಕೋಕೆ ಪೋಸ್ಟಿಂಗ್ ಕೀ ಒಂದೇ ಸಾಕು. ಹಣ ಕಳಿಸೋಕೆ ಮಾತ್ರ ಆಕ್ಟಿವ್ ಕೀ. ಓನರ್ ಕೀ ಅಂತೂ ಹೊರಗೆ ತೆಗೀಲೇಬೇಡ. ಬಾಗಿಲ ಬೀಗದಕೈ ಮಕ್ಕಳ ಕೈಗೆ ಕೊಟ್ರೂ ಬೀರುವಿನದು ನಮ್ಮ ಸೊಂಟದಲ್ಲೇ ಇರತ್ತಲ್ಲ, ಹಾಗೆ.

ದುಡ್ಡಿಗೆ ಅವಸರ ಮಾಡಬೇಡ. ಬರೆದು 7 ದಿನ ಆದ್ಮೇಲೆ ಲೆಕ್ಕ ಆಗತ್ತೆ. ಅರ್ಧ ನಿನಗೆ, ಇನ್ನರ್ಧ ವೋಟು ಹಾಕಿದವರಿಗೆ. ಎಲ್ಲರ ವೋಟಿಗೂ ಒಂದೇ ತೂಕ ಇರಲ್ಲ. ಯಾರು ಹೆಚ್ಚು ಹೈವ್ ನಾಣ್ಯವನ್ನ ಹೈವ್ ಪವರ್ ಆಗಿ ಕಟ್ಟಿಟ್ಟಿದ್ದಾರೋ ಅವರ ವೋಟು ಭಾರ. ಹಾಗೆ ಕಟ್ಟಿಟ್ಟಿದ್ದನ್ನ ಬಿಡಿಸ್ಕೊಳ್ಳೋಕೆ 13 ವಾರ ಬೇಕು. ಅದಕ್ಕೇ ಹೇಳ್ತೀನಿ, ಮನೆಖರ್ಚಿನ ದುಡ್ಡು ಅಲ್ಲಿ ಹಾಕಬೇಡ. ಹೈವ್ ನಾಣ್ಯ ಮಾರಿ ಲಾಭ ಬಂದ್ರೆ ನೂರಕ್ಕೆ 30 ತೆರಿಗೆ, 2022ರ ಏಪ್ರಿಲ್‌ನಿಂದ ಇದೆ. ತಾರೀಕು, ಬೆಲೆ ಎರಡೂ ಪುಸ್ತಕದಲ್ಲಿ ಬರೀತಾ ಹೋಗು.

ಓದುವವರು ಸಿಗೋಕೂ ಹೊತ್ತು ಬೇಕು. ನನ್ನ ಮೊದಲ ಮೂರು ಬರಹ ಯಾರೂ ನೋಡಲೇ ಇಲ್ಲ, ಮನಸ್ಸಿಗೆ ಬಹಳ ಬೇಜಾರಾಯ್ತು. ಒಂದು ರಾತ್ರಿ ಯಾರೋ ಹೆಂಗಸು ಕುಂಡದಲ್ಲಿ ಬೆಳೆಸಿದ ಮೆಣಸಿನ ಗಿಡದ ಬಗ್ಗೆ ಬರೆದಿದ್ದು ಓದಿದೆ. ಎಲೆ ಮುದುರಿಕೊಂಡಿತ್ತು. ನಾನು ಹುಳಿಮಜ್ಜಿಗೆ ನೀರು ಮಾಡಿ ಚಿಮುಕಿಸೋದನ್ನ ಬರೆದೆ, ಎಷ್ಟು ಮಜ್ಜಿಗೆಗೆ ಎಷ್ಟು ನೀರು ಅಂತಾನೂ ಹೇಳಿದೆ. ಬೆಳಗ್ಗೆ ಎದ್ದರೆ ಆಕೆಯ ಉತ್ತರ ಬಂದಿತ್ತು. ಆಮೇಲೆ ಆಕೆಯ ಗೆಳತಿಯರೂ ನನ್ನ ಬರಹಕ್ಕೆ ಬಂದರು. ಎಲ್ಲರ ಬರಹದ ಕೆಳಗೂ 'ಚೆನ್ನಾಗಿದೆ, ನನ್ನದೂ ನೋಡಿ' ಅಂತ ಅಂಟಿಸ್ತಾ ಹೋದರೆ ಯಾರೂ ತಿರುಗಿ ನೋಡಲ್ಲ ಕಣೇ. ಬೇರೆಯವರ ಬರಹ, ಫೋಟೋ ಎತ್ತಿ ಹಾಕಿದರಂತೂ ಡೌನ್‌ವೋಟ್ ಬಿದ್ದು ಬರಬೇಕಾದ ದುಡ್ಡೂ ಹೋಗತ್ತೆ, ಹೆಸರೂ ಹೋಗತ್ತೆ.

ಹೈವ್ ಶುರುಮಾಡಿದ ಜನ ಸಾಮಾನ್ಯರಲ್ಲ ರಮ್ಯಾ. ಮೊದಲು ಇವರೆಲ್ಲ ಸ್ಟೀಮ್ ಅನ್ನೋ ಇಂಥದ್ದೇ ತಾಣದಲ್ಲಿದ್ದವರು. 2020ರ ಫೆಬ್ರವರಿಯಲ್ಲಿ ಟ್ರಾನ್ ಅನ್ನೋ ಕ್ರಿಪ್ಟೊ ಜಾಲದ ಜಸ್ಟಿನ್ ಸನ್, ಸ್ಟೀಮ್‌ನ ಹಿಂದಿದ್ದ ಸ್ಟೀಮಿಟ್ ಕಂಪನಿಯನ್ನ ಕೊಂಡುಕೊಂಡ. ಒಬ್ಬನ ಕೈಗೆ ಎಲ್ಲಾ ಹೋಗತ್ತೆ ಅಂತ ಇವರು ಮಾರ್ಚ್ 20ಕ್ಕೆ ಇಡೀ ಲೆಕ್ಕದ ಪ್ರತಿ ತಗೊಂಡು ಹೊರಗೆ ಬಂದು ಹೈವ್ ಕಟ್ಟಿದರು. ಅವರ ಜೊತೆ ಬರೆಯೋದೇ ನನಗೊಂದು ಹೆಮ್ಮೆ.

ತಗೋ, ಈ ಪೆನ್ನು, ಹಾಳೆ. ಪಾಸ್‌ವರ್ಡನ್ನ ದೊಡ್ಡಕ್ಷರ, ಸಣ್ಣಕ್ಷರ ನೋಡ್ಕೊಂಡು ಬರಿ. ಅದರಲ್ಲಿ ಸೊನ್ನೆ ಇರೋದೇ ಇಲ್ಲ, ಸೊನ್ನೆ ಥರ ಕಂಡರೆ ಅದು ಸಣ್ಣ ಓ. ಬರೆದಾದ ಮೇಲೆ ಫೋಟೋ ಅಳಿಸಿಬಿಡು. ನಾನು ಆ ಕಡೆ ತಿರುಗಿ ನಿಂತ್ಕೋತೀನಿ.